ಚಿಕ್ಕ ಮನೆಯ ಒಪ್ಪ ಓರಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕಟ್ಟಿದವರು ಸ್ವಂತ ನಿವೇಶನ ಉಳ್ಳವರಾಗಿದ್ದಿರಬೇಕು. ಮದುವೆಯನ್ನೇನೋ ಮಾಡಿಕೊಂಡು, ಮನೆ ಕಟ್ಟಲಾರದೆ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುವವರ ಪಾಡನ್ನು ಅವರು ಕಂಡಿರಲಾರರು. ಗಂಡಹೆಂಡಿರಿಬ್ಬರಿಗೂ ಕೆಲಸ. ಬೆಳಗ್ಗೆ ಎಂಟಕ್ಕೆ ಬಾಗಿಲಿಗೆ ಬೀಗ, ಸಂಜೆ ಏಳಕ್ಕೆ ಮತ್ತೆ ದೀಪ. ಕೈಯಲ್ಲಿದ್ದ ಹಣದಲ್ಲಿ ದೊಡ್ಡ ಪಾಲು ಮನೆಯ ಮುಂಗಡಕ್ಕೇ ಹೋಗಿ, ಸಾಮಾನು ಕೊಳ್ಳುವುದಕ್ಕೆ ಉಳಿದದ್ದು ಅಷ್ಟಿಷ್ಟು. ಅಂಥವರ ಮನೆಯ ಸಜ್ಜನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಪಂಡಿತನಿಗೂ ಕುರ್ಚಿ ಮೇಜುಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ಶಬ್ದದ್ದು. ನಮ್ಮ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಈ ವಸ್ತುಗಳನ್ನೆಲ್ಲ ಪೀಠೋಪಕರಣಗಳೆಂದು ಬರೆಯುತ್ತೇವೆ. ಆದರೆ ಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಬಿಡಿಬಿಡಿಯಾಗಿ ಅವುಗಳ ಹೆಸರನ್ನು ನೋಡಿ. ಕುರ್ಚಿ ಎಂಬುದು ಅರಬ್ಬಿಯಿಂದ ಬಂದದ್ದು, ಮೇಜು ಪಾರಸಿಯಿಂದ ಬಂದದ್ದು. ಅಲಮಾರು ಪೋರ್ಚುಗೀಸರ ಕೊಡುಗೆ. ಸೋಫಾ ಅರಬ್ಬಿಯಲ್ಲಿ ಹುಟ್ಟಿ ಯೂರೋಪನ್ನು ಸುತ್ತಿ ನಮ್ಮಲ್ಲಿಗೆ ಬಂದಿದೆ. ನಾವೇ ಇಟ್ಟ ಹೆಸರುಗಳು ಯಾವುವು? ಮಣೆ, ಚಾಪೆ, ನೆಲುವು, ಗೂಟ, ಬುಟ್ಟಿ. ಹಾಸುವುದರಿಂದ ಹಾಸಿಗೆ, ಹೊದೆಯುವುದರಿಂದ ಹೊದಿಕೆ. ಇವೆಲ್ಲವೂ ಕೆಲಸವಾದ ಮೇಲೆ ಎದ್ದುಹೋಗುವ ವಸ್ತುಗಳು. ಗೋಡೆಗೆ ಒರಗಿ ನಿಲ್ಲುತ್ತವೆ, ಸುರುಳಿಯಾಗುತ್ತವೆ, ಮೇಲೆ ತೂಗಾಡುತ್ತವೆ. ಹೊರಗಿನಿಂದ ಹೆಸರನ್ನೂ ಹೊತ್ತು ಬಂದ ವಸ್ತುಗಳೋ, ಒಮ್ಮೆ ಒಂದು ಕಡೆ ಕೂತರೆ ಮನೆ ಬಿಡುವ ತನಕ ಕೂತೇ ಇರುತ್ತವೆ. ಪರಭಾಷೆಯ ಮಾತಿನ ಮೇಲೆ ನನಗೆ ಹಗೆಯಿಲ್ಲ. ಕುರ್ಚಿಯ ಮೇಲೆ ಕೂತೇ ಇದನ್ನು ಬರೆದಿದ್ದೇನೆ. ಚಿಕ್ಕ ಮನೆಯಲ್ಲಿ ನೆಲಕ್ಕೆ ಎಷ್ಟು ಬೆಲೆಯೆಂಬುದನ್ನು ನಮ್ಮ ಮಾತೇ ಬಲ್ಲದು ಎಂದು ತೋರಿಸುವುದಕ್ಕಾಗಿ ಇಷ್ಟು ಹೇಳಿದೆ.

ಆ ಬೆಲೆಯನ್ನು ಲೆಕ್ಕ ಹಾಕಿಯೇ ನೋಡೋಣ. ನಾನೂರು ಚದರ ಅಡಿಯ ಮನೆಗೆ ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಬಾಡಿಗೆಯೆಂದು ಇಟ್ಟುಕೊಳ್ಳಿ. ಒಂದು ಚದರ ಅಡಿಗೆ ಮೂವತ್ತು ರೂಪಾಯಿ ಬಿತ್ತು. ಮೂವರು ಕೂರುವ ಸೋಫಾ ಹಿಡಿಯುವ ಜಾಗ ಸುಮಾರು 20 ಚದರ ಅಡಿ. ಜೊತೆಗೆ ಒಬ್ಬೊಬ್ಬರು ಕೂರುವ ಎರಡು ಆಸನಗಳು, ಅವಕ್ಕೆ 18. ನಡುವೆ ಒಂದು ಟೀಪಾಯಿ, ಅದಕ್ಕೆ 6. ಒಟ್ಟು 44 ಚದರ ಅಡಿ. ತಿಂಗಳಿಗೆ 1,320 ರೂಪಾಯಿ, ವರ್ಷಕ್ಕೆ 15,840 ರೂಪಾಯಿ. ಸೋಫಾದ ಬೆಲೆಯನ್ನು ಅಂಗಡಿಯವನಿಗೆ ಕೊಟ್ಟು ಮುಗಿಸಿದ ಮೇಲೂ ಅದರ ಬಾಡಿಗೆಯನ್ನು ಮನೆಯೊಡೆಯನಿಗೆ ಕೊಡುತ್ತಲೇ ಇರುತ್ತೀರಿ. ಹತ್ತು ಅಡಿಗೆ ಹನ್ನೆರಡು ಅಡಿಯ ನಡುಮನೆಯಾದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜಾಗ ಅದರದೇ. ವಾರದಲ್ಲಿ ಎಷ್ಟು ಹೊತ್ತು ಅದರ ಮೇಲೆ ಕೂರುತ್ತೀರಿ? ಒಗೆದು ಒಣಗಿದ ಬಟ್ಟೆಯ ರಾಶಿ ನಿಮಗಿಂತ ಹೆಚ್ಚು ಹೊತ್ತು ಕೂತಿರುತ್ತದೆ.

ಹಣದ ಲೆಕ್ಕ ಇದಾಯಿತು. ಹೊತ್ತಿನ ಲೆಕ್ಕ ಇನ್ನೊಂದು ಇದೆ. ಅಂಗಡಿಯ ಚೀಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ವಸ್ತು ಹಣವನ್ನು ಒಂದು ಸಲ ಕೇಳುತ್ತದೆ, ಹೊತ್ತನ್ನು ದಿನವೂ ಕೇಳುತ್ತದೆ. ಅದರ ಕೆಳಗೆ ಗುಡಿಸಬೇಕು, ಮೇಲೆ ಒರಸಬೇಕು, ಹಿಂದೆ ಉರುಳಿಹೋದ ಮಗುವಿನ ಗೋಲಿಯನ್ನು ಬಗ್ಗಿ ತೆಗೆಯಬೇಕು. ಗಾಜಿನ ಬಾಗಿಲಿನ ಬೀರು ತಂದರೆ ಗಾಜನ್ನು ಹೊಳೆಯಿಸಬೇಕು, ಒಳಗಿನ ಗೊಂಬೆಗಳ ಧೂಳನ್ನೂ ಕೊಡವಬೇಕು. ಈ ಹೊತ್ತು ಯಾರದು? ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯವರು 2024ರಲ್ಲಿ ದೇಶದಾದ್ಯಂತ ಜನರು ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿದರು. ಆರು ವರ್ಷ ಮೇಲ್ಪಟ್ಟವರಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ತೊಡಗಿದ ಗಂಡಸರು ಕೊಡುವುದು 88 ನಿಮಿಷ. ನಡುವಿನ ಅಂತರ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಗಂಡಸರ ಲೆಕ್ಕದಲ್ಲಿ ಕೈ ಹಾಕಿದವರನ್ನು ಮಾತ್ರ ಎಣಿಸಿದ್ದಾರೆ ಎಂಬುದನ್ನು ಮರೆಯಬಾರದು. ಕೈಯನ್ನೇ ಹಾಕದವರು ಅದರಲ್ಲಿ ಸೇರಿಲ್ಲ. ಆದುದರಿಂದ ಚಿಕ್ಕ ಮನೆಗೆ ಒಂದು ವಸ್ತುವನ್ನು ತರುವ ಮುನ್ನ ಬೆಲೆ ಎಷ್ಟು ಎಂದು ಕೇಳಿದ ಹಾಗೆಯೇ, ಇದನ್ನು ಒರಸುವವರು ಯಾರು ಎಂದೂ ಕೇಳಬೇಕೆಂದು ನನ್ನ ಎಣಿಕೆ.

ಇಲ್ಲಿ ಹಿರಿಯರು ಒಂದು ಮಾತು ಹೇಳುತ್ತಾರೆ. ನಮ್ಮ ಕಾಲದಲ್ಲಿ ಒಂದೇ ಕೋಣೆಯಲ್ಲಿ ಎಂಟು ಜನ ಬಾಳಲಿಲ್ಲವೇ, ವಠಾರದ ಮನೆಗಳಲ್ಲಿ ಸೋಫಾ ಇತ್ತೇ ಎಂದು. ನಿಜ. ನಾನೂ ಮೈಸೂರಿನ ವಠಾರವೊಂದರಲ್ಲಿ ಬೆಳೆದವನು. ರಾತ್ರಿ ಮಲಗುವ ಕೋಣೆಯಾಗಿದ್ದ ಜಾಗ ಬೆಳಗ್ಗೆ ಪಾಠದ ಕೋಣೆಯಾಗುತ್ತಿತ್ತು, ಮಧ್ಯಾಹ್ನ ಊಟದ ಮನೆ, ಸಂಜೆ ಬಂದವರು ಕೂರುವ ಚಾವಡಿ. ಗೋಡೆಯಲ್ಲಿ ಗೂಡುಗಳಿದ್ದವು, ಬಾಗಿಲ ಬಳಿ ಗಿಳಿಗೂಟವಿತ್ತು, ತಲೆಯ ಮೇಲೆ ಅಟ್ಟವಿತ್ತು. ಆದರೆ ಆ ಬಯಲು ನೆಲವನ್ನು ಹೊಗಳುವವರು, ದಿನವೂ ಎಂಟು ಹಾಸಿಗೆಗಳನ್ನು ಸುತ್ತಿಟ್ಟವರು ಯಾರೆಂಬುದನ್ನು ಹೇಳುವುದಿಲ್ಲ. ನೆಲದ ಮೇಲಿನ ಬಾಳುವೆಯಲ್ಲಿ ಬಗ್ಗಿದ ಬೆನ್ನು ಒಂದೇ. ಎಲೆ ಹಾಕುವುದಕ್ಕೆ ಬಗ್ಗಬೇಕು, ಎಲೆ ತೆಗೆಯುವುದಕ್ಕೆ ಬಗ್ಗಬೇಕು, ಗೋಮೆ ಹಚ್ಚುವುದಕ್ಕೂ ಬಗ್ಗಬೇಕು. ಆ ತಾಯಂದಿರು ಹೊರಗೆ ದುಡಿಯಲು ಹೋಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಇಂದಿನ ಮನೆಯಾಕೆಗೆ ಆ ಸಮಾಧಾನವೂ ಇಲ್ಲ. ಹಾಗಾಗಿ ವಠಾರದಿಂದ ನಾವು ಕಲಿಯಬೇಕಾದದ್ದು ಜಾಗದ ಉಪಾಯವನ್ನು ಮಾತ್ರ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಗಂಡ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಮಾಸ್ತ. ನಾಲ್ಕು ವರ್ಷದ ಮಗ. ಎರಡು ವರ್ಷದ ಕೆಳಗೆ ಅವರು ಇಂಥದೇ ಒಂದು ಮನೆ ಹಿಡಿದಾಗ ಸಾಮಾನಿಗೆಂದು ಎತ್ತಿಟ್ಟದ್ದು ಐವತ್ತು ಸಾವಿರ ರೂಪಾಯಿ. ಅಂಗಡಿಯವರು ಎರಡು ವರ್ಷದ ಕಂತಿನ ಮೇಲೆ ಸೋಫಾ, ಊಟದ ಮೇಜು, ಪೆಟ್ಟಿಗೆಮಂಚ ಎಲ್ಲವನ್ನೂ ನಾಳೆಯೇ ತಂದು ಇಳಿಸುತ್ತೇವೆ ಎನ್ನುತ್ತಿದ್ದರಂತೆ. ಹಬ್ಬಕ್ಕೆ ಅತ್ತೆಯವರು ಬರುವವರಿದ್ದರು. ಬಂದವರನ್ನು ನೆಲದ ಮೇಲೆ ಕೂರಿಸುವುದೇ ಎಂದು ಅವರ ಪ್ರಶ್ನೆ. ಹುಡುಗಿ ನನಗೆ ದೂರವಾಣಿಯಲ್ಲಿ ಹೇಳಿದಳು: “ಮೇಷ್ಟ್ರೇ, ಕಂತು ಹೇಗಾದರೂ ಕಟ್ಟುತ್ತೇವೆ. ಆದರೆ ರಾತ್ರಿ ಹನ್ನೊಂದಕ್ಕೆ ಮುಂಚೆ ನಾನು ಮಲಗಿದ್ದೇ ಇಲ್ಲ. ಈ ಸಾಮಾನು ಬಂದರೆ ಹನ್ನೆರಡಾಗುತ್ತದೆ.” ಈ ಮಾತು ನನ್ನ ಮನಸ್ಸಿಗೆ ನಾಟಿತು.

ನಾನು ಹೇಳಿದ ಉಪಾಯ ಮೇಷ್ಟರಿಗೆ ತಕ್ಕದ್ದೇ. ಒಂದು ಪೆಟ್ಟಿಗೆ ಸೀಮೆಸುಣ್ಣ ತಂದುಕೊಳ್ಳಿ. ಕೊಳ್ಳಬೇಕೆಂದಿರುವ ಪ್ರತಿಯೊಂದು ವಸ್ತುವಿನ ಉದ್ದಗಲವನ್ನು ಅಳೆದು, ಅದು ಕೂರುವ ಜಾಗದಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ. ಬಾಗಿಲು ತೆರೆಯುವ ಬೀರುವಾದರೆ ಬಾಗಿಲಿನ ವೀಸವನ್ನೂ ಎಳೆಯಿರಿ. ಹತ್ತು ದಿನ ಆ ಗೆರೆಯನ್ನು ತುಳಿಯದೆ ಓಡಾಡಿ ನೋಡಿ. ಅವರು ಹಾಗೆಯೇ ಮಾಡಿದರು. ಮೂರನೆಯ ದಿನಕ್ಕೆ ಊಟದ ಮೇಜು ಅಳಿಸಿಹೋಯಿತು. ಅದನ್ನು ಇಟ್ಟರೆ ಅಡುಗೆಮನೆಗೆ ಹೋಗುವವರು ಅಡ್ಡಡ್ಡ ನಡೆಯಬೇಕಾಗಿತ್ತು. ಆರನೆಯ ದಿನ ಸೋಫಾದ ಗೆರೆಯಲ್ಲಿ ಮಗ ಕುಂಟೆಬಿಲ್ಲೆ ಆಡುತ್ತಿದ್ದನಂತೆ. ಅವನಿಗೆ ಆಡುವುದಕ್ಕೆ ಆ ಮನೆಯಲ್ಲಿ ಬೇರೆ ಜಾಗವೇ ಇಲ್ಲವೆಂಬುದು ಆಗ ತಂದೆಯ ಕಣ್ಣಿಗೆ ಬಿತ್ತು. ಪೆಟ್ಟಿಗೆಮಂಚ ಮಾತ್ರ ಉಳಿಯಿತು. ಆರು ಅಡಿಗೆ ಆರೂವರೆ ಅಡಿಯ ಮಂಚ ಕೋಣೆಯಲ್ಲಿ 39 ಚದರ ಅಡಿಯನ್ನು ನುಂಗುವುದೇನೋ ಸರಿ. ಆದರೆ ಹಾಸಿಗೆ ಸುತ್ತುವ ಕೆಲಸವನ್ನು ಉಳಿಸುತ್ತದೆ, ಹೊಟ್ಟೆಯಲ್ಲಿ ಕಂಬಳಿಗಳನ್ನೂ ಬೇಸಗೆಯಲ್ಲಿ ಬೇಡದ ಬಟ್ಟೆಗಳನ್ನೂ ಇಟ್ಟುಕೊಳ್ಳುತ್ತದೆ. ತನ್ನ ಬಾಡಿಗೆಯನ್ನು ತಾನೇ ತೀರಿಸುವ ವಸ್ತುವೆಂದರೆ ಇಂಥದು.

ಅತ್ತೆಯವರ ಪ್ರಶ್ನೆಯನ್ನು ಕಡೆಗಣಿಸತಕ್ಕದ್ದಲ್ಲ. ಅರವತ್ತು ದಾಟಿದವರ ಮಂಡಿಗೆ ನೆಲ ಹೇಳಿಸಿದ್ದಲ್ಲ. ಅವರಿಗೆ ಬೇಕಾದದ್ದು ಮೆತ್ತನೆಯ ಆಳವಾದ ಆಸನವೂ ಅಲ್ಲ. ಅದರಿಂದ ಏಳುವುದೇ ಕಷ್ಟ. ಕೈಯೂರಿ ಏಳಲು ಎರಡು ತೋಳಿರುವ, ಬೆನ್ನು ನೆಟ್ಟಗಿರುವ ಮರದ ಕುರ್ಚಿ ಬೇಕು. ಅಂಥವನ್ನು ಎರಡು ಕೊಂಡರು, ಹಳೆಯ ಸಾಮಾನಿನ ಅಂಗಡಿಯಲ್ಲಿ. ಮಿಕ್ಕವರಿಗೆ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ನೇಯುವ ಜಮಖಾನಗಳು ಹೆಸರಾದವು. ಕೈನೇಯ್ಗೆಯಾದ್ದರಿಂದ ಅಗ್ಗವಲ್ಲ, ಆದರೆ ಬಾಳಿಕೆ ಬರುತ್ತವೆ. ಹಣ ಸಾಲದಿದ್ದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿಯುವ ಕೌದಿ ಇದೆ. ನಾಲ್ಕಾಗಿ ಮಡಿಸಿದರೆ ಕೂರುವುದಕ್ಕೆ, ಬಿಚ್ಚಿದರೆ ನೆಂಟರಿಗೆ ಹೊದೆಯುವುದಕ್ಕೆ.

ಹಳೆಯ ಮರದ ಸಾಮಾನನ್ನು ಕೊಳ್ಳುವವರಿಗೆ ಒಂದೆರಡು ಮಾತು. ಕುರ್ಚಿಯ ಒಂದು ಕಾಲನ್ನು ಮಾತ್ರ ಹಿಡಿದು ಎತ್ತಿ ನೋಡಿ. ಕೀಲು ಸಡಿಲವಿದ್ದರೆ ಕಿರುಗುಟ್ಟಿ ಹೇಳುತ್ತದೆ. ಕಾಲಿನ ಬುಡದಲ್ಲಿ ಹೊಸದಾಗಿ ಉದುರಿದ ಮರದ ಹುಡಿ ಕಂಡರೆ ಒಳಗೆ ಹುಳು ಇದೆಯೆಂದು ತಿಳಿದು ಅಲ್ಲಿಂದ ಹೊರಡಿ. ಹೊಸ ಸಾಮಾನಿನಲ್ಲಿ ಅಗ್ಗದವು ಬಹಳವಾಗಿ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯವು. ನೋಡಲು ನುಣುಪು, ಆದರೆ ನೀರು ತಾಗಿದರೆ ಊದುತ್ತವೆ. ಒಮ್ಮೆ ಬಿಚ್ಚಿದ ತಿರುಪು ಮತ್ತೆ ಭದ್ರವಾಗಿ ಕೂರುವುದಿಲ್ಲ. ಮೇಲಿಂದ ಮೇಲೆ ಮನೆ ಬದಲಿಸುವ ಬಾಡಿಗೆದಾರನಿಗೆ, ಅದರಲ್ಲೂ ಅಡುಗೆಮನೆಗೆ, ಅದು ಒದಗದು. ಅಲ್ಲಿಗೆ ಅಂಗಡಿಗಳಲ್ಲಿ ಚೀಲ ಡಬ್ಬಗಳನ್ನು ಜೋಡಿಸುವ ಉಕ್ಕಿನ ರ‍್ಯಾಕೇ ಸರಿ. ಚೆಂದವಿಲ್ಲ ನಿಜ, ಒಂದು ಪರದೆ ಹಾಕಿ. ಕೊಳ್ಳುವ ಮುನ್ನ ಮೆಟ್ಟಿಲಿನ ತಿರುವನ್ನೂ ಅಳೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಅಡುಗೆಮನೆ. ಮನೆ ಚಿಕ್ಕದು, ದಿನ ಅವಸರದ್ದು ಎಂಬ ಎರಡು ಕಷ್ಟಗಳೂ ಸಂಧಿಸುವುದು ಇಲ್ಲಿಯೇ. ಈ ಕಷ್ಟವನ್ನು ಕೈಗೆತ್ತಿಕೊಂಡು ವಿಚಾರ ಮಾಡಿದವರಲ್ಲಿ ಮಾರ್ಗರೆಟೆ ಶ್ಯೂಟೆ ಲಿಹೋತ್ಸ್ಕಿ ಎಂಬ ಆಸ್ಟ್ರಿಯ ದೇಶದ ಮಹಿಳೆ ಪ್ರಸಿದ್ಧರು. ಮನೆ ಕಟ್ಟುವ ವಿದ್ಯೆ ಕಲಿತವರು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದವರು ದುಡಿಯುವ ಜನರಿಗಾಗಿ ಸಾಲು ಮನೆಗಳನ್ನು ಕಟ್ಟಿಸುತ್ತಿದ್ದಾಗ ಆಕೆ ಅವಕ್ಕೆಂದು ಅಡುಗೆಮನೆಯ ನಕ್ಷೆ ಮಾಡಿಕೊಟ್ಟರು. ಅಗಲ ಸುಮಾರು ಆರೂಕಾಲು ಅಡಿ, ಉದ್ದ ಹನ್ನೊಂದು ಅಡಿ. ರೈಲುಗಾಡಿಯ ಊಟದ ಡಬ್ಬಿಯಲ್ಲಿ ಅಷ್ಟು ಕಿರಿದಾದ ಜಾಗದಲ್ಲಿ ಅಡುಗೆ ಹೇಗೆ ಸಾಗುತ್ತದೆಂಬುದು ಅವರಿಗೆ ಮಾದರಿಯಾಯಿತು. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಹೆಚ್ಚುವ ಹಲಗೆಗೆ ಎಷ್ಟು ಹೆಜ್ಜೆಯೆಂದು ಎಣಿಸಿ, ಬೇಡದ ಹೆಜ್ಜೆಗಳನ್ನು ತೆಗೆದುಹಾಕಿದರು. ಸುಮಾರು ಹತ್ತು ಸಾವಿರ ಮನೆಗಳಲ್ಲಿ ಅದನ್ನು ಕೂರಿಸಿದರು. ಅಲ್ಲಿಯ ತನಕ ತಾವು ಅಡುಗೆ ಮಾಡಿದ್ದೇ ಇಲ್ಲವೆಂದು ಆಕೆಯೇ ಹೇಳಿಕೊಂಡಿದ್ದಾರೆ! ಇಂದು ನಮ್ಮ ಊರುಗಳಲ್ಲಿ ಕಟ್ಟುವ ಅಡುಗೆಮನೆಗಳು ಅದರ ದೂರದ ನೆಂಟರು.

ಆದರೆ ಆ ನಕ್ಷೆಯ ಮೇಲೆ ಮುಂದೆ ಒಂದು ಆಕ್ಷೇಪ ಬಂದಿತು. ಅಲ್ಲಿ ಒಬ್ಬರು ಮಾತ್ರ ನಿಂತು ಕೆಲಸ ಮಾಡಬಹುದು. ಇನ್ನೊಬ್ಬರು ಒಳಗೆ ಬಂದರೆ ಅಡ್ಡಿ. ಹೆಜ್ಜೆಗಳೇನೋ ಕಡಿಮೆಯಾದವು, ಆದರೆ ಅಷ್ಟನ್ನೂ ಒಬ್ಬಳೇ ಇಡಬೇಕಾಯಿತು. ನಮ್ಮ ಚಿಕ್ಕ ಮನೆಗಳಲ್ಲಿಯೂ ನಡೆಯುತ್ತಿರುವುದು ಇದೇ. ಸಹಾಯ ಮಾಡೋಣವೆಂದರೆ ಒಳಗೆ ಜಾಗವೆಲ್ಲಿದೆ ಎನ್ನುವ ಗಂಡಸರನ್ನು ನಾನು ಬಲ್ಲೆ. ಜಾಗ ಒಳಗೆ ಇಲ್ಲದಿದ್ದರೆ ಹೊರಗೆ ಮಾಡಿಕೊಳ್ಳಬೇಕು. ನನ್ನ ವಿದ್ಯಾರ್ಥಿನಿಯ ಮನೆಯಲ್ಲಿ ಗೋಡೆಗೆ ಒರಗಿಸಿಡಬಹುದಾದ ಮಡಿಸುವ ಮೇಜೊಂದನ್ನು ಅಡುಗೆಮನೆಯ ಬಾಗಿಲ ಹೊರಗೆ ಹಾಕಿದರು, ಅದರ ಮೇಲೆ ಒಳ್ಳೆಯ ಬೆಳಕಿನ ದೀಪ. ಒಂಬತ್ತು ವಾಟಿನ ಎಲ್‌ಇಡಿ ದೀಪ ಹಿಂದಿನ ಅರವತ್ತು ವಾಟಿನ ಬುರುಡೆಯಷ್ಟು ಬೆಳಕು ಕೊಡುತ್ತದೆ. ಇಲ್ಲಿ ಜಿಪುಣತನ ಬೇಡ. ರಾತ್ರಿ ಊಟವಾದ ಮೇಲೆ ಗಂಡ ಅಲ್ಲಿ ಕೂತು ಮರುದಿನದ ತರಕಾರಿ ಹೆಚ್ಚುತ್ತಾನೆ. ಬೆಳಗ್ಗೆ ಅದೇ ಮೇಜಿನ ಮೇಲೆ ಬುತ್ತಿ ಕಟ್ಟುತ್ತಾನೆ. ಹಗಲು ಮಡಿಸಿಟ್ಟರೆ ಮಗನಿಗೆ ನೆಲ.

ಸಾಸಿವೆ ಎಲ್ಲಿದೆ ಎಂಬ ಪ್ರಶ್ನೆಯನ್ನು ನಿಮ್ಮ ಮನೆಯಲ್ಲಿಯೂ ಕೇಳಿರುತ್ತೀರಿ. ಒಲೆಯ ಮೇಲೆ ಎಣ್ಣೆ ಕಾದಾಗ, ಬಾಣಲೆಯ ಮುಂದೆ ನಿಂತ ಗಂಡಸು ಕೇಳುವ ಪ್ರಶ್ನೆ ಅದು. ಮನೆಯಾಕೆ ಬಿಟ್ಟ ಕೆಲಸವನ್ನು ಬಿಟ್ಟು ಬಂದು ತೋರಿಸಬೇಕು. ಆ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತದೆ. ನೀವು ಹೋಗಿ, ನಾನೇ ಮಾಡುತ್ತೇನೆ ಎನ್ನುತ್ತಾಳೆ. ಸಹಾಯ ಅಲ್ಲಿಗೆ ಮುಗಿಯಿತು. ಮನೆಯ ನಕ್ಷೆಯೆಲ್ಲ ಒಬ್ಬಳ ತಲೆಯಲ್ಲಿಯೇ ಇದ್ದರೆ ದುಡಿಮೆಯೂ ಒಬ್ಬಳದೇ ಆಗುತ್ತದೆ. ಡಬ್ಬಗಳ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ. ಕಡಲೆಬೇಳೆ, ತೊಗರಿಬೇಳೆ, ಹುಳಿಪುಡಿ, ಸಾರಿನಪುಡಿ. ಅಕ್ಷರ ಬಲ್ಲವನಿಗೆ ಆಮೇಲೆ ಯಾವ ನೆಪವೂ ಇರುವುದಿಲ್ಲ. ಕನ್ನಡ ಮೇಷ್ಟರಾಗಿ ಈ ಉಪಾಯದಲ್ಲಿ ನನಗೆ ವಿಶೇಷ ಪ್ರೀತಿ. ಹಾಗೆಯೇ ಮಗುವಿನ ತಟ್ಟೆ ಲೋಟಗಳನ್ನು ಅವನ ಎದೆಯೆತ್ತರಕ್ಕೆ ಮೀರದ ಹಲಗೆಯ ಮೇಲೆ ಇಡಿ. ತಾನೇ ತಂದುಕೊಳ್ಳುತ್ತಾನೆ, ತಾನೇ ಇಡುತ್ತಾನೆ. ನಾಲ್ಕು ದಿನ ಚೆಲ್ಲುತ್ತಾನೆ, ಚೆಲ್ಲಲಿ.

ಬೆಳಗಿನ ಹೊತ್ತು ಬಹಳವಾಗಿ ಹಾಳಾಗುವುದು ಹುಡುಕಾಟದಲ್ಲಿ. ಬೀಗದ ಕೈ, ಕನ್ನಡಕ, ಕಾಲುಚೀಲದ ಇನ್ನೊಂದು ಕಾಲು, ಶಾಲೆಯವರು ರುಜು ಹಾಕಿ ಕಳಿಸಲು ಹೇಳಿದ ಕಾಗದ. ಹಳೆಯ ಮನೆಯ ಗಿಳಿಗೂಟಕ್ಕೆ ನಾವು ಮತ್ತೆ ಕೈಮುಗಿಯಬೇಕಾದದ್ದು ಇಲ್ಲಿ. ಬಾಗಿಲ ಪಕ್ಕದಲ್ಲಿ ಐದಾರು ಗೂಟಗಳ ಒಂದು ಪಟ್ಟಿ, ಕೆಳಗೆ ಚಪ್ಪಲಿಗೆ ಜಾಗ, ಮೇಲೆ ಕಾಗದಕ್ಕೊಂದು ಬುಟ್ಟಿ. ಬುಟ್ಟಿಯನ್ನು ಮೇದರವರಲ್ಲಿಯೇ ಕೊಳ್ಳಿ. ಹಗುರ, ನೋಡಲು ಚೆಂದ, ಬೆಲೆಯೂ ಕೈಗೆಟಕುವಂಥದು. ಗೋಡೆಗೆ ಮೊಳೆ ಹೊಡೆಯಬಾರದೆಂದು ಮನೆಯೊಡೆಯರ ಕಟ್ಟಳೆ ಇದ್ದರೆ ಬಾಗಿಲ ರೆಕ್ಕೆಯ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆಗಳು ಸಿಗುತ್ತವೆ.

ಬಾನುಲಿಯನ್ನು ಎಲ್ಲಿಡಬೇಕು? ನಡುಮನೆಯಲ್ಲಿ ಅಲಂಕಾರಕ್ಕೆ ಇಡುವ ಕಾಲ ಹೋಯಿತು. ಅಡುಗೆಮನೆಯ ಹಲಗೆಯ ಮೇಲೆ ಇಡಿ. ಅದು ಕಿವಿಯನ್ನಷ್ಟೇ ಕೇಳುತ್ತದೆ, ಕಣ್ಣುಕೈಗಳನ್ನು ನಿಮಗೇ ಬಿಡುತ್ತದೆ. ಮುಂಜಾನೆಯ ವಾರ್ತೆ ಮುಗಿಯುವುದರೊಳಗೆ ಕುಕ್ಕರು ಕೂಗಬೇಕೆಂಬುದು ಎಷ್ಟೋ ಮನೆಗಳ ಗಡಿಯಾರ. ಜಾಗ ಸಾಲದು ಎನ್ನುವವರಿಗೆ ಒಂದು ಮಾತು ಹೇಳಬಹುದು: 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನೇ ತಮ್ಮ ಮನೆಯಲ್ಲಿ ಆರಂಭಿಸಿದರು. ಆದರೆ ಅದು ಚಿಕ್ಕ ಮನೆಯಲ್ಲ ಎಂಬುದನ್ನೂ ಸೇರಿಸಬೇಕು.

ದಿನಚರಿಯ ಪಟ್ಟಿಯನ್ನು ಗೋಡೆಗೆ ಅಂಟಿಸುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಶಾಲೆಯಲ್ಲಿ ವೇಳಾಪಟ್ಟಿಯನ್ನು ಕಾಪಾಡುವುದಕ್ಕೆ ಗಂಟೆ ಬಾರಿಸುವ ಆಳು ಇರುತ್ತಾನೆ. ಮನೆಯಲ್ಲಿ ಆ ಗಂಟೆಯನ್ನು ಬಾರಿಸುವವಳೂ ಹೆಂಡತಿಯೇ ಆದರೆ ಪಟ್ಟಿಯಿಂದ ಲಾಭವೇನು? ಅದಕ್ಕಿಂತ ಒಂದೊಂದು ಕೆಲಸವನ್ನು ಮೊದಲಿನಿಂದ ಕೊನೆಯ ತನಕ ಒಬ್ಬರಿಗೆ ಒಪ್ಪಿಸಿಬಿಡುವುದು ಮೇಲು. ಬಟ್ಟೆಯ ಕೆಲಸ ಗಂಡನದೆಂದರೆ ನೆನೆಸುವುದು, ಯಂತ್ರಕ್ಕೆ ಹಾಕುವುದು, ಹರವುವುದು, ಮಡಿಸಿ ಒಳಗಿಡುವುದು ಎಲ್ಲವೂ ಅವನದೇ; ಸಾಬೂನಿನ ಪುಡಿ ಮುಗಿದದ್ದನ್ನು ನೆನಪಿಡುವುದೂ ಅವನದೇ. ಈ ನೆನಪಿಡುವುದು ಬಹಳ ಭಾರವಾದ ಕೆಲಸ. ಸರ್ಕಾರದವರ ನಿಮಿಷಗಳ ಲೆಕ್ಕದಲ್ಲಿ ಅದು ಪೂರ್ತಿಯಾಗಿ ಬಂದಿದೆಯೆಂದು ನಾನು ನಂಬಲಾರೆ. ಮಡಿಸಿದ್ದು ಓರೆಯಾಗಿದ್ದರೆ ಹೆಂಡತಿ ಸುಮ್ಮನಿರಬೇಕು. ಇದು ಎಷ್ಟೋ ಮನೆಗಳಲ್ಲಿ ಕಠಿನವಾದ ಭಾಗ. ಓರೆಯಾದ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದ ದಿನವೇ ಆ ಕೆಲಸ ಅವಳಿಗೆ ಹಿಂದಿರುಗುತ್ತದೆ.

ಆ ಹುಡುಗಿಯ ಮನೆಯಲ್ಲಿ ಮಂಚ, ಎರಡು ಕುರ್ಚಿ, ಮಡಿಸುವ ಮೇಜು, ಉಕ್ಕಿನ ಎರಡು ರ‍್ಯಾಕು, ಒಂದು ಜಮಖಾನ, ದೀಪ, ಗೂಟದ ಪಟ್ಟಿ ಇಷ್ಟಕ್ಕೆ ಐವತ್ತು ಸಾವಿರ ಪೂರ್ತಿ ಹಿಡಿಯಲಿಲ್ಲ. ಮಿಕ್ಕದ್ದನ್ನು ವಾರಕ್ಕೆರಡು ದಿನ ಬಂದು ಮನೆ ಒರಸಿಕೊಡುವಾಕೆಯ ಸಂಬಳಕ್ಕೆಂದು ಎತ್ತಿಟ್ಟರು. ಅತ್ತೆಯವರು ಬಂದು ತೋಳುಕುರ್ಚಿಯಲ್ಲಿ ಕೂತರು, ಸೋಫಾದ ಮಾತನ್ನು ಎರಡು ಸಲ ಎತ್ತಿ ಬಿಟ್ಟರು. ಈಗ ಹತ್ತು ಗಂಟೆಗೆ ಮಲಗುತ್ತೇನೆ ಎಂದು ಅವಳು ಹೇಳುತ್ತಾಳೆ. ತಿಂಗಳ ಕೊನೆಯಲ್ಲಿ ಬ್ಯಾಂಕಿನ ಲೆಕ್ಕವಿರುವಾಗ ಹನ್ನೊಂದೇ. ಕಳೆದ ಬೇಸಗೆಯಲ್ಲಿ ಅವರು ಮನೆ ಬದಲಾಯಿಸಿದರು. ಸಾಮಾನೆಲ್ಲ ಒಂದೇ ಗಾಡಿಗೆ ಹಿಡಿಸಿತಂತೆ. ಹೊಸ ಮನೆಗೆ ಗಾಳಿ ಬೆಳಕು ಹೆಚ್ಚು, ಆದರೆ ಅಡುಗೆಮನೆ ಹಿಂದಿನದಕ್ಕಿಂತ ಒಂದು ಅಡಿ ಕಿರಿದು; ಮಡಿಸುವ ಮೇಜನ್ನು ಎಲ್ಲಿ ಹಾಕುವುದೆಂದು ಇನ್ನೂ ಗೊತ್ತಾಗಿಲ್ಲ. ಸೀಮೆಸುಣ್ಣ ತಂದಿದ್ದಾರೆ.